ಮುಂದಿನ ಮಾಡೆಲ್ ಬಗ್ಗೆ ಮೊದಲೇ ಹೇಳಿಬಿಟ್ಟ ಆಡಮ್ ಆಸ್ಬರ್ನ್

ಹೊಸ ಫೋನ್ ತಗೊಳ್ಳೋಕೆ ಹೊರಟಿದ್ದೀರಿ ಅಂದುಕೊಳ್ಳಿ. ದುಡ್ಡು ರೆಡಿ ಇದೆ. ಅಷ್ಟರಲ್ಲಿ ರೂಮ್‌ಮೇಟ್ ಬಂದು, ಎರಡು ತಿಂಗಳಲ್ಲಿ ಇದರದ್ದೇ ಹೊಸ ಮಾಡೆಲ್ ಬರ್ತಿದೆಯಂತೆ ಕಣೋ ಅಂತಾನೆ. ಏನು ಮಾಡ್ತೀರಿ? ಕಾಯ್ತೀರಿ. ಹೀಗೆ ಎಲ್ಲರೂ ಕಾಯ್ತಾ ಕೂತರೆ ಈಗಿನ ಮಾಡೆಲ್ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಉದ್ಯಮದವರು ಇದನ್ನು ಆಸ್ಬರ್ನ್ ಎಫೆಕ್ಟ್ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಈ ಹೆಸರು ಕೇಳಿರಬಹುದು. ಆದರೆ ಆ ಹೆಸರಿನ ಮನುಷ್ಯ ಬಾಲ್ಯವನ್ನೂ ಕೊನೆಗಾಲವನ್ನೂ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಆಡಮ್ ಆಸ್ಬರ್ನ್ ಹುಟ್ಟಿದ್ದು 1939ರಲ್ಲಿ, ಬ್ಯಾಂಕಾಕ್‌ನಲ್ಲಿ. ತಂದೆ ಬ್ರಿಟಿಷರು, ತಾಯಿ ಪೋಲೆಂಡ್ ಮೂಲದವರು. ಎರಡನೇ ಮಹಾಯುದ್ಧದಲ್ಲಿ ತಂದೆ ಜಪಾನೀಯರ ಸೆರೆಯಲ್ಲಿದ್ದಾಗ ತಾಯಿ ಮಕ್ಕಳ ಜೊತೆ ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ಆಶ್ರಮದ ಆಸರೆಯಲ್ಲಿದ್ದರು. ಹುಡುಗ ಕೊಡೈಕೆನಾಲ್‌ನಲ್ಲಿ ಶಾಲೆಗೆ ಹೋದ. 11ನೇ ವಯಸ್ಸಿಗೆ ಇಂಗ್ಲೆಂಡ್ ಸೇರಿದ. ಮುಂದೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪದವಿ, ಅಮೆರಿಕದ ಡೆಲವೇರ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪಿಎಚ್‌ಡಿ, ಶೆಲ್ ಕಂಪನಿಯಲ್ಲಿ ಕೆಲಸ. ಅಂದರೆ ಕಂಪ್ಯೂಟರ್ ಅವರ ಬ್ರಾಂಚೇ ಅಲ್ಲ!

ಕೆಲಸ ಬಿಟ್ಟ ಆಸ್ಬರ್ನ್ ಕಂಪ್ಯೂಟರ್ ಮ್ಯಾನ್ಯುಯಲ್‌ಗಳನ್ನು ಬರೆಯತೊಡಗಿದರು. 1970ರ ದಶಕದ ನಡುವಿನಲ್ಲಿ ಮೈಕ್ರೋಪ್ರೊಸೆಸರ್ ಎಲ್ಲರಿಗೂ ಹೊಸದು. ಅದನ್ನು ಅರ್ಥವಾಗುವ ಹಾಗೆ ವಿವರಿಸುವವರು ಕಡಿಮೆ. ಸಿಲಿಕಾನ್ ವ್ಯಾಲಿಯ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್‌ನ ಮೀಟಿಂಗ್‌ಗಳಿಗೆ ಆಸ್ಬರ್ನ್ ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಹೋಗಿ ಮಾರುತ್ತಿದ್ದರು. ಪತ್ರಿಕೆಯಲ್ಲಿ ಅಂಕಣ ಬರೆದು ಕಂಪ್ಯೂಟರ್ ಕಂಪನಿಗಳ ತಪ್ಪುಗಳನ್ನು ಮುಲಾಜಿಲ್ಲದೆ ಎತ್ತಿ ತೋರಿಸುತ್ತಿದ್ದರು. 1979ರಲ್ಲಿ ತಮ್ಮ ಪ್ರಕಾಶನವನ್ನು ಮೆಕ್‌ಗ್ರಾ-ಹಿಲ್‌ಗೆ ಮಾರಿದರು.

ಇಷ್ಟು ವರ್ಷ ಬಳಕೆದಾರರ ನಡುವೆಯೇ ಓಡಾಡಿದ್ದರಿಂದ ಅವರ ಗೋಳು ಆಸ್ಬರ್ನ್‌ಗೆ ಚೆನ್ನಾಗಿ ಗೊತ್ತಿತ್ತು. ಮಷೀನ್ ಒಂದು ಕಡೆ, ಡ್ರೈವ್ ಇನ್ನೊಂದು ಕಡೆ, ಸಾಫ್ಟ್‌ವೇರ್‌ಗೆ ಬೇರೆ ದುಡ್ಡು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಟ್ಟರೆ ಹೇಗೆ? ಹೋಮ್‌ಬ್ರೂ ಸಭೆಗಳನ್ನು ನಡೆಸುತ್ತಿದ್ದ ಲೀ ಫೆಲ್ಸನ್‌ಸ್ಟೈನ್ ಅದನ್ನು ಡಿಸೈನ್ ಮಾಡಿಕೊಟ್ಟರು. 1981ರ ಏಪ್ರಿಲ್‌ನಲ್ಲಿ ಆಸ್ಬರ್ನ್ 1 ಹೊರಬಂತು. ಬೆಲೆ 1795 ಡಾಲರ್. ತೂಕ ಸುಮಾರು 11 ಕೆಜಿ. ಆದರೂ ಅದನ್ನು ಪೋರ್ಟಬಲ್ ಅಂತಲೇ ಕರೆದರು, ಹಿಡಿಕೆ ಇತ್ತಲ್ಲ! ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್, ಬೇಸಿಕ್ ಎಲ್ಲವೂ ಜೊತೆಗೇ ಸಿಗುತ್ತಿತ್ತು. ಜನ ಮುಗಿಬಿದ್ದರು. ಏರುಗಾಲದಲ್ಲಿ ತಿಂಗಳಿಗೆ 10,000 ಮಷೀನ್‌ಗಳವರೆಗೆ ಮಾರಾಟವಾದವು.

ಕೊಂಡವರು ಖುಷಿಯಾಗಿದ್ದರು, ಆದರೆ ಅವರಿಗೆ ಇನ್ನೂ ಕೆಲವು ಬೇಕಿತ್ತು. ಸ್ಕ್ರೀನ್ ಬರೀ 5 ಇಂಚಿನದು. ಒಂದು ಸಾಲಿನಲ್ಲಿ ಕಾಣುವುದು 52 ಅಕ್ಷರ, ಟೈಪ್ ಮಾಡುವವರಿಗೆ ಬೇಕಿದ್ದದ್ದು 80. ಈ ಕೊರತೆಯನ್ನು ಪ್ರತಿಸ್ಪರ್ಧಿಗಳೂ ಗಮನಿಸಿದರು. 1982ರಲ್ಲಿ ಬಂದ ಕೇಪ್ರೋ 2 ಮಷೀನ್‌ಗೆ 9 ಇಂಚಿನ ಸ್ಕ್ರೀನ್, ಸಾಲಿಗೆ 80 ಅಕ್ಷರ. ಬೆಲೆ 1595 ಡಾಲರ್, ಆಸ್ಬರ್ನ್‌ಗಿಂತ ಕಡಿಮೆ.

ಆಸ್ಬರ್ನ್ ಕಂಪನಿಯ ಉತ್ತರವಾಗಿ ತಯಾರಾಗುತ್ತಿದ್ದದ್ದು ಎಕ್ಸಿಕ್ಯುಟಿವ್ ಎಂಬ ಮಾಡೆಲ್. ಅದರಲ್ಲಿ 7 ಇಂಚಿನ ಸ್ಕ್ರೀನ್, 80 ಅಕ್ಷರದ ಸಾಲು. ಜನ ಕೇಳಿದ್ದು ಇದನ್ನೇ. 1983ರ ಆರಂಭದಲ್ಲಿ, ಅದು ಅಂಗಡಿಗೆ ಬರುವ ಮೊದಲೇ, ಆಸ್ಬರ್ನ್ ಅದರ ಬಗ್ಗೆ ಪತ್ರಕರ್ತರ ಮುಂದೆ ಮಾತಾಡಿದರು. ಸುದ್ದಿ ಡೀಲರ್‌ಗಳ ಕಿವಿಗೆ ಬಿತ್ತು. ಹಳೆಯದನ್ನು ಯಾರು ತಗೋತಾರೆ ಅಂತ ಅವರು ಆರ್ಡರ್ ನಿಲ್ಲಿಸಿದರು. ಕಂಪನಿಗೆ ಬರುವ ಹಣ ಬತ್ತಿತು. ಅದೇ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಎಲ್ಲರೂ ಹೇಳುವ ಕಥೆ ಇದು.

ಆದರೆ ಕಥೆ ಇಷ್ಟೇ ಅಂದುಕೊಂಡರೆ ನಾವು ಕಲಿಯುವ ಪಾಠ ತಪ್ಪಾಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಕಂಪನಿ ಉಳೀತಿತ್ತಾ? ಕೇಪ್ರೋ ಆಗಲೇ ಗಿರಾಕಿಗಳನ್ನು ಸೆಳೆಯುತ್ತಿತ್ತು. ಐಬಿಎಂ ಪಿಸಿಯ ಸಾಫ್ಟ್‌ವೇರ್ ಓಡಿಸಬಲ್ಲ ಕಾಂಪ್ಯಾಕ್ ಪೋರ್ಟಬಲ್ ಕೂಡ 1983ರಲ್ಲೇ ಮಾರುಕಟ್ಟೆಗೆ ಬಂತು. ಅತಿ ವೇಗವಾಗಿ ಬೆಳೆದ ಕಂಪನಿಯ ಲೆಕ್ಕಪತ್ರವೂ ದಾಸ್ತಾನೂ ಹಿಡಿತದಲ್ಲಿರಲಿಲ್ಲ. ಮುಂದಿನ ಮಾಡೆಲ್‌ಗಾಗಿ ಜನ ಕಾದದ್ದು ಯಾಕೆ? ಕೈಯಲ್ಲಿದ್ದದ್ದರಲ್ಲಿ ಕೊರತೆ ಇತ್ತು, ಅದಕ್ಕೆ. ಕೇಳಿದ್ದನ್ನು ಕೊಡಲು ತಡವಾಗಿತ್ತು, ಕೊಡುತ್ತೇವೆ ಅಂತ ಹೇಳಿದ್ದು ಮಾತ್ರ ಬೇಗ ಆಯಿತು. ಮುಳುಗಿಸಿದ್ದು ಈ ನಡುವಿನ ಅಂತರ.

ಆಸ್ಬರ್ನ್ ಸುಮ್ಮನೆ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಶುರುಮಾಡಿದರು. ಪುಸ್ತಕದ ಹಾಗೆ ಸಾಫ್ಟ್‌ವೇರ್ ಕೂಡ ಅಗ್ಗವಾಗಿ ಸಿಗಬೇಕು ಅನ್ನೋದು ಅವರ ಆಸೆ. ಲೋಟಸ್ 1-2-3 ಕಲಿತವರು ಹೊಸದಾಗಿ ಏನೂ ಕಲಿಯಬೇಕಾಗದ ಹಾಗೆ, ಅದೇ ಮೆನು, ಅದೇ ಕಮಾಂಡ್‌ಗಳಿದ್ದ ವಿಪಿ-ಪ್ಲಾನರ್ ತಂದರು. ಬಳಕೆದಾರರಿಗೆ ಇದು ಬೇಕಾದದ್ದೇ. ಆದರೆ 1987ರಲ್ಲಿ ಲೋಟಸ್ ಕಂಪನಿ ಕೋರ್ಟಿಗೆ ಹೋಯಿತು, 1990ರಲ್ಲಿ ತೀರ್ಪು ಪೇಪರ್‌ಬ್ಯಾಕ್ ವಿರುದ್ಧ ಬಂತು. ಬಳಕೆದಾರ ಕೇಳಿದ್ದೆಲ್ಲವೂ ನಾವು ಕೊಡಬಹುದಾದದ್ದಲ್ಲ ಅನ್ನೋದು ಎರಡನೇ ದುಬಾರಿ ಪಾಠ.

ಆಮೇಲೆ ಆರೋಗ್ಯ ಕೈಕೊಟ್ಟಿತು. ಆಸ್ಬರ್ನ್ ಅಮೆರಿಕ ಬಿಟ್ಟು, ಶಾಲೆಗೆ ಹೋಗಿದ್ದ ಕೊಡೈಕೆನಾಲ್‌ಗೇ ಮರಳಿ ಅಕ್ಕತಂಗಿಯ ಆರೈಕೆಯಲ್ಲಿ ಉಳಿದರು. 2003ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡರು.

ಇವತ್ತು ಸಾಫ್ಟ್‌ವೇರ್ ಕಂಪನಿಗಳು ತಮ್ಮ ರೋಡ್‌ಮ್ಯಾಪ್ ತೋರಿಸುವಾಗ, ಈಗ, ಮುಂದೆ, ಆಮೇಲೆ ಅಂತ ಮೂರು ಭಾಗ ಮಾಡಿ ತಾರೀಖು ಹಾಕದೆ ಬಿಡುವುದನ್ನು ನೋಡಿರಬಹುದು. ಈ ಎಚ್ಚರಿಕೆಯ ಹಿಂದೆ ಆಸ್ಬರ್ನ್ ಕಥೆಯಂಥ ಅನುಭವಗಳಿವೆ. ನಾಳೆ ನೀವೂ ಹಾಸ್ಟೆಲ್ ಮೆಸ್ಸಿಗೋ ಫೆಸ್ಟಿಗೋ ಒಂದು ಆ್ಯಪ್ ಮಾಡ್ತೀರಿ. ಅದು ಬೇಕು, ಇದು ಬೇಕು ಅಂತ ಹತ್ತು ಜನ ಕೇಳ್ತಾರೆ. ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಆಗದ್ದಕ್ಕೆ ಆಗಲ್ಲ ಅಂತ ಅವತ್ತೇ ಹೇಳಿ. ಆಗುವುದಕ್ಕೆ ಮಾತು ಕೊಡುವ ಮೊದಲು, ಅದರ ಕೋಡ್ ಎಲ್ಲಿಗೆ ಬಂದಿದೆ ಅಂತ ಒಮ್ಮೆ ತೆರೆದು ನೋಡಿ.