ಗಣಕಯಂತ್ರಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್

(ಅಂತಿಮ ಬಿ.ಎ. ವಿದ್ಯಾರ್ಥಿ)

ಮಹನೀಯರ ಜೀವನಚರಿತ್ರೆಯನ್ನು ಬರೆಯುವವರು ಆ ಮಹನೀಯರು ಹುಟ್ಟಿದ ಊರಿನಿಂದ ಆರಂಭಿಸುವುದು ರೂಢಿ. ನಾನು ಮಾತ್ರ ನಮ್ಮೂರಿನ ಪಂಪುಮನೆಯಿಂದ ಆರಂಭಿಸಬೇಕಾಗಿದೆ. ಈ ಲೇಖನದ ನಾಯಕಿಯ ಹೆಸರನ್ನು ನಾನು ಕೇಳುವುದಕ್ಕೆ ಕಾರಣವಾದುದು ಅದೇ ಆದ್ದರಿಂದ ಅಧ್ಯಾಪಕವರ್ಗದವರೂ ವಿದ್ಯಾರ್ಥಿ ಮಿತ್ರರೂ ಈ ವ್ಯತಿಕ್ರಮವನ್ನು ಮನ್ನಿಸಬೇಕು.

ನಮ್ಮ ತಂದೆ ಊರಿನ ನೀರುಗಂಟಿ. ಕೊಳವೆಬಾವಿಯ ಮೋಟಾರು ಹಾಕುವುದು, ನಿಲ್ಲಿಸುವುದು, ಟ್ಯಾಂಕು ತುಂಬಿಸಿ ಬೀದಿಬೀದಿಗೆ ನೀರು ಬಿಡುವುದು ಅವರ ಕೆಲಸ. ಅವರಿಗೆ ಅಕ್ಷರ ಬಾರದು. ಆದರೆ ಪಂಪುಮನೆಯ ಗೋಡೆಯ ಮೇಲೆ ಅವರದೇ ಒಂದು ಲೆಕ್ಕವಿತ್ತು. ಮೋಟಾರು ಹಾಕಿದಾಗ ಇದ್ದಲಿನಿಂದ ಒಂದು ನಿಲುವು ಗೀಟು. ತಾವಾಗಿ ನಿಲ್ಲಿಸಿದರೆ ಅದರ ತಲೆಯ ಮೇಲೆ ಒಂದು ಬೊಟ್ಟು. ಕರೆಂಟು ಹೋಗಿ ಮೋಟಾರು ನಿಂತರೆ ಒಂದು ಅಡ್ಡಗೀಟು. ಬೆಳಗಿಗೊಂದು ಸಾಲು, ಸಂಜೆಗೊಂದು ಸಾಲು, ರಾತ್ರಿಗೊಂದು ಸಾಲು. ನಾನು ಪಿ.ಯು.ಸಿ. ಓದುತ್ತಿದ್ದಾಗ ಒಂದು ರಾತ್ರಿ ಮೋಟಾರು ಸುಟ್ಟುಹೋಯಿತು. ನೀರುಗಂಟಿ ಮೋಟಾರು ಹಾಕಿ ಮಲಗಿಬಿಟ್ಟನೆಂಬ ಮಾತು ಹುಟ್ಟಿತು. ಆ ರಾತ್ರಿಯ ಸಾಲಿನಲ್ಲಿ ಮೂರು ಅಡ್ಡಗೀಟುಗಳಿದ್ದವು. ಕರೆಂಟು ಮೂರು ಸಲ ಹೋಗಿ ಬಂದಿತ್ತು. ತಂದೆ ಮೂರು ಸಲವೂ ಎದ್ದು ನೋಡಿದ್ದರು. ಗೋಡೆಯ ಮೇಲಿನ ಗೀಟು ದಾಖಲೆಯಾಗುತ್ತದೆಯೇ ಎಂದು ಕೇಳಿದವರಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಎರಡು ತಿಂಗಳ ಸಂಬಳ ಹೋಯಿತು. ಹಬ್ಬದ ಮುಂಚೆ ಗೋಡೆಗೆ ಸುಣ್ಣ ಬಳಿದರು, ಸಾಕ್ಷಿಯೂ ಹೋಯಿತು.

ಇದಾದ ಮೇಲೆ ನಾನು ಈ ಕಾಲೇಜಿಗೆ ಸೇರಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪರೀಕ್ಷಾ ಶುಲ್ಕಕ್ಕಾಗಿ ಸಂಜೆಯ ಹೊತ್ತು ಒಂದು ಜೆರಾಕ್ಸ್ ಅಂಗಡಿಯಲ್ಲಿ ದುಡಿಯುತ್ತೇನೆ. ಕಳೆದ ವರ್ಷ ಅಲ್ಲಿನ ಗಣಕಯಂತ್ರದಲ್ಲಿ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡುವ ತಂತ್ರಾಂಶ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ನಾನೇ ಏನನ್ನೋ ಒತ್ತಿ ಕೆಡಿಸಿದೆನೆಂದು ಮಾಲೀಕರ ಗುಮಾನಿ. ಕೆಲಸ ಹೋದರೆ ಶುಲ್ಕವೂ ಹೋಗುತ್ತಿತ್ತು. ಆಗ ಪರಿಚಯದವರೊಬ್ಬರು, ಆ ತಂತ್ರಾಂಶ ತನ್ನ ಲಾಗ್ ಫೈಲನ್ನು ಎಲ್ಲಿಯೋ ಬರೆದಿಟ್ಟಿರುತ್ತದೆ, ಅದನ್ನು ಓದಿ ನೋಡು ಎಂದು ಸೂಚಿಸಿದರು.

ಲಾಗ್ ಎಂಬುದು ತಂತ್ರಾಂಶ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುವ ದಿನಚರಿ. ಅದರ ಸಾಲುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ತಾರೀಖು ಮತ್ತು ವೇಳೆ, ಆ ಸಂಗತಿ ಬರಿಯ ಮಾಹಿತಿಯೋ, ಎಚ್ಚರಿಕೆಯೋ, ದೋಷವೋ ಎಂಬ ಗುರುತು, ತಂತ್ರಾಂಶದ ಯಾವ ಭಾಗ ಅದನ್ನು ಬರೆಯಿತೆಂಬುದು, ಕೊನೆಗೆ ನಡೆದುದೇನು ಎಂಬುದು. ವೇಳೆಯ ವಿಷಯದಲ್ಲಿ ಎಚ್ಚರವಿರಬೇಕು. ಕೆಲವು ಲಾಗ್‌ಗಳು ಜಾಗತಿಕ ವೇಳೆಯಲ್ಲಿರುತ್ತವೆ. ನಮ್ಮ ವೇಳೆ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಸಂಜೆ 6 ಗಂಟೆಗೆ ಕೆಟ್ಟ ಕಥೆಯನ್ನು ಅಲ್ಲಿ ಮಧ್ಯಾಹ್ನ 12-30ರ ಸಾಲಿನಲ್ಲಿ ಹುಡುಕಬೇಕಾಗುತ್ತದೆ. ಇನ್ನೊಂದು ಮಾತು: ಕೊನೆಯ ಸಾಲನ್ನು ನೋಡಿ ತೀರ್ಪು ಕೊಡಬಾರದು. ನನ್ನ ಲಾಗ್‌ನ ಕೊನೆಯ ಸಾಲು ತಂತ್ರಾಂಶ ಮುಚ್ಚಿತೆಂದು ಹೇಳಿತೇ ಹೊರತು ಏಕೆ ಮುಚ್ಚಿತೆಂದು ಹೇಳಲಿಲ್ಲ. ಅಲ್ಲಿಂದ ಮೇಲಕ್ಕೆ ಓದುತ್ತ ಹೋದಾಗ ಸುಮಾರು 40 ಸಾಲುಗಳಾಚೆ ಮೊದಲನೆಯ ದೋಷ ಸಿಕ್ಕಿತು: ಡಿಸ್ಕಿನಲ್ಲಿ ಜಾಗವಿಲ್ಲ. ಹಳೆಯ ಬೇಡದ ಚಿತ್ರಗಳನ್ನು ಅಳಿಸಿದ ಮೇಲೆ ತಂತ್ರಾಂಶ ಎಂದಿನಂತೆ ನಡೆಯಿತು. ನನ್ನ ಕೆಲಸವೂ ಉಳಿಯಿತು.

ಯಂತ್ರದ ದಿನಚರಿ ನನ್ನ ಪರವಾಗಿ ಸಾಕ್ಷಿ ನುಡಿದ ಆ ರಾತ್ರಿ ನನಗೆ ತಂದೆಯ ಗೋಡೆ ನೆನಪಾಯಿತು. ಗಣಕಯಂತ್ರಕ್ಕೆ ದಿನಚರಿಯಿಡುವ ಈ ಪದ್ಧತಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದಾಗ ದೊರೆತ ಹೆಸರು ಗ್ರೇಸ್ ಹಾಪರ್.

ಗ್ರೇಸ್ ಬ್ರೂಸ್ಟರ್ ಮರ್ರೆ ಜನಿಸಿದುದು 1906ನೆಯ ಇಸವಿ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಈಕೆಯೇ ಹಿರಿಯಳು. ತಂದೆ ವಿಮಾ ವ್ಯವಹಾರದವನು. ಮುತ್ತಾತ ಅಮೆರಿಕೆಯ ನೌಕಾಪಡೆಯ ಹಿರಿಯ ಅಧಿಕಾರಿ. ಏಳು ವರ್ಷದ ಹುಡುಗಿಯಾಗಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲಾರದೆ ಇನ್ನೊಂದನ್ನು ಬಿಚ್ಚಿ ನೋಡಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಬಿಡಿಯಾದವು. ತಾಯಿ ಗದರಿಸಿ ಕೈ ಕಟ್ಟಿಹಾಕಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಮುಟ್ಟಬೇಕೆಂದು ಗೊತ್ತುಮಾಡಿದಳು.

ವಾಸರ್ ಕಾಲೇಜಿನ ಪ್ರವೇಶಕ್ಕೆ ಮೊದಲ ಸಲ ಪ್ರಯತ್ನಿಸಿದಾಗ ಲ್ಯಾಟಿನ್ ಭಾಷೆಯಲ್ಲಿ ಆಕೆ ತೇರ್ಗಡೆಯಾಗಲಿಲ್ಲ. ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ಎರಡು ಸಲ ಕುಳಿತ ನನಗೆ ಈ ಸಂಗತಿ ಎಷ್ಟು ಸಮಾಧಾನ ತಂದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮರುವರ್ಷ ಸೇರಿ, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಪಡೆದಳು. 1930ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿ. ಅದೇ ವರ್ಷ ವಿನ್ಸೆಂಟ್ ಹಾಪರ್ ಎಂಬ ಅಧ್ಯಾಪಕನೊಡನೆ ವಿವಾಹ. 1931ರಿಂದ ವಾಸರ್‌ನಲ್ಲಿಯೇ ಗಣಿತ ಬೋಧಿಸುತ್ತ, 1934ರಲ್ಲಿ ಯೇಲ್‌ನಿಂದ ಡಾಕ್ಟರೇಟ್ ಗಳಿಸಿದಳು. ಅವರ ದಾಂಪತ್ಯ 1945ರಲ್ಲಿ ವಿಚ್ಛೇದನದಲ್ಲಿ ಕೊನೆಗೊಂಡಿತು. ಆದರೂ ಆಕೆ ಹಾಪರ್ ಎಂಬ ಹೆಸರನ್ನೇ ಉಳಿಸಿಕೊಂಡಳು.

ಎರಡನೆಯ ಮಹಾಯುದ್ಧ ಆಕೆಯ ಬಾಳಿನ ದಿಕ್ಕನ್ನು ಬದಲಿಸಿತು. 1943ರ ಡಿಸೆಂಬರಿನಲ್ಲಿ ಆಕೆ ನೌಕಾಪಡೆಯ ಮೀಸಲು ದಳವನ್ನು ಸೇರಿದಳು. ವಯಸ್ಸು ಹೆಚ್ಚಾಯಿತು, ತೂಕ ಇರಬೇಕಾದುದಕ್ಕಿಂತ 15 ಪೌಂಡು ಕಡಿಮೆಯಾಯಿತು ಎಂಬ ಅಡ್ಡಿಗಳಿದ್ದವು. ವಿಶೇಷ ವಿನಾಯಿತಿ ಪಡೆದೇ ಒಳಹೊಕ್ಕಳು. ತರಬೇತಿಯಲ್ಲಿ ಮೊದಲನೆಯವಳಾಗಿ ತೇರ್ಗಡೆಯಾಗಿ, 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೋವರ್ಡ್ ಐಕೆನ್ ನಡೆಸುತ್ತಿದ್ದ ಗಣಕಶಾಲೆಗೆ ನಿಯುಕ್ತಳಾದಳು.

ಅಲ್ಲಿದ್ದ ಮಾರ್ಕ್ ಒಂದು ಎಂಬ ಯಂತ್ರದ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. 23 ಅಂಕಿಗಳ ಸಂಖ್ಯೆಗಳನ್ನು ಸೆಕೆಂಡಿಗೆ ಮೂರು ಸಲ ಕೂಡುತ್ತಿತ್ತು. ಒಂದು ಗುಣಾಕಾರಕ್ಕೆ ಸುಮಾರು 6 ಸೆಕೆಂಡು ಬೇಕಾಗುತ್ತಿತ್ತು. ಅದಕ್ಕೆ ಆಜ್ಞೆಗಳನ್ನು ತೂತು ಕೊರೆದ ಕಾಗದದ ಪಟ್ಟಿಯ ಮೂಲಕ ಕೊಡಬೇಕಾಗಿತ್ತು. ಈ ಯಂತ್ರದ ಮೊದಲ ಕೆಲವು ಆಜ್ಞಾಲೇಖಕರಲ್ಲಿ ಹಾಪರ್ ಒಬ್ಬಳು. ಅದನ್ನು ಹೇಗೆ ನಡೆಸಬೇಕೆಂಬುದರ ಬಗ್ಗೆ 1946ರಲ್ಲಿ ಪ್ರಕಟವಾದ 561 ಪುಟಗಳ ಕೈಪಿಡಿಯ ಬರವಣಿಗೆ ಬಹುಮಟ್ಟಿಗೆ ಆಕೆಯದು.

ಐಕೆನ್ ಸ್ವತಃ ನೌಕಾಪಡೆಯ ಕಮಾಂಡರ್. ಆ ಗಣಕಶಾಲೆಯನ್ನು ಹಡಗಿನಂತೆಯೇ ನಡೆಸುತ್ತಿದ್ದನು. ಹಡಗಿನಲ್ಲಿ ಲಾಗ್ ಪುಸ್ತಕವಿರುವುದು ಪುರಾತನ ಪದ್ಧತಿ. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡನ್ನು ಕಟ್ಟಿ ಸಮುದ್ರಕ್ಕೆಸೆದು, ಎಷ್ಟು ಗಂಟು ಬಿಚ್ಚಿಕೊಂಡಿತೆಂದು ಎಣಿಸಿ ಹಡಗಿನ ವೇಗವನ್ನು ತಿಳಿಯುತ್ತಿದ್ದರು. ಆ ಮರದ ತುಂಡಿನ ಹೆಸರೇ ಲಾಗ್. ಆ ಲೆಕ್ಕವನ್ನು ಬರೆಯುವ ಪುಸ್ತಕಕ್ಕೂ ಅದೇ ಹೆಸರು ಬಂದಿತು. ಅಲ್ಲಿಂದ ಅದು ಗಣಕಯಂತ್ರಕ್ಕೂ ಬಂದು ಸೇರಿತು.

ಯುದ್ಧ ಮುಗಿದ ಮೇಲೆ, ವಯಸ್ಸಿನ ಕಾರಣದಿಂದ, ನೌಕಾಪಡೆಯ ಕಾಯಂ ಸೇವೆ ಆಕೆಗೆ ದೊರೆಯಲಿಲ್ಲ. ವಾಸರ್ ಕಾಲೇಜು ಪ್ರಾಧ್ಯಾಪಕ ಪದವಿಯನ್ನು ಕೊಡಲು ಮುಂದಾದರೂ ಆಕೆ ಯಂತ್ರವನ್ನು ಬಿಟ್ಟು ಹೋಗಲಿಲ್ಲ. ಹಾರ್ವರ್ಡ್‌ನಲ್ಲಿ ಮಾರ್ಕ್ ಎರಡು ಎಂಬ ಹೊಸ ಯಂತ್ರವನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿ, 1947ನೆಯ ಸೆಪ್ಟೆಂಬರ್ 9ರಂದು, ಪ್ರಸಿದ್ಧವಾದ ಆ ಪುಟ ಬರೆಯಲ್ಪಟ್ಟಿತು. ಬೆಳಿಗ್ಗೆ 8 ಗಂಟೆಗೆ ಯಂತ್ರ ಆರಂಭವಾಯಿತು, 10ಕ್ಕೆ ನಿಂತಿತು, ಮಧ್ಯಾಹ್ನ 3-25ಕ್ಕೆ ಕೂಡುವ ಭಾಗದ ಪರೀಕ್ಷೆ ತೊಡಗಿತು, 3-45ಕ್ಕೆ ಎಫ್ ಎಂಬ ಫಲಕದ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿತು. ರಿಲೇ ಎಂದರೆ ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್ಚು. ಸತ್ತ ಆ ಪತಂಗವನ್ನು ಕೆಲಸಗಾರರು ಅಂಟುಪಟ್ಟಿಯಿಂದ ಅದೇ ಪುಟಕ್ಕೆ ಅಂಟಿಸಿದರು. ಯಂತ್ರದ ದೋಷಕ್ಕೆ ಬಗ್, ಎಂದರೆ ಹುಳು, ಎನ್ನುವ ವಾಡಿಕೆ ಅದಕ್ಕೆ ಬಹಳ ಮೊದಲೇ ಇತ್ತು. ಎಡಿಸನ್ 1878ರಲ್ಲಿಯೇ ಅದನ್ನು ಬಳಸಿದ್ದನು. ಈ ಸಲ ನಿಜವಾಗಿಯೂ ಒಂದು ಹುಳುವೇ ಸಿಕ್ಕಿತಲ್ಲಾ ಎಂಬ ವಿನೋದವನ್ನು ಆ ಪುಟದಲ್ಲಿ ಬರೆದಿದ್ದಾರೆ. ಪತಂಗವನ್ನು ಹಿಡಿದವಳು ಹಾಪರ್ ಎಂದು ಹಲವರು ಬರೆಯುವುದುಂಟು, ಅದು ಸರಿಯಲ್ಲ. ಆಕೆ ಆ ಕಥೆಯನ್ನು ಜೀವಮಾನವಿಡೀ ಹೇಳಿ ಜಗತ್ತಿಗೆ ಪರಿಚಯಿಸಿದವಳು. ಆ ಪುಸ್ತಕ ಪತಂಗದ ಸಮೇತ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ಪುಟ ಒಂದು ಶಾಸನದಂತೆ ತೋರುತ್ತದೆ. ಕಾಲ, ಸ್ಥಳ, ನಡೆದ ಸಂಗತಿ, ಮೂರೂ ಅಲ್ಲಿವೆ. ಸಾಲದುದಕ್ಕೆ ಸಾಕ್ಷಿಯೂ ಅಂಟಿಕೊಂಡಿದೆ. ಇಂದಿನ ಲಾಗ್ ಫೈಲಿನ ಸಾಲು ಅದೇ ಅಚ್ಚಿನದು. ಬರೆಯುವ ಕೈ ಮಾತ್ರ ಬೇರೆಯಾಗಿದೆ.

1949ರಲ್ಲಿ ಹಾಪರ್ ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಸಂಸ್ಥೆಯನ್ನು ಸೇರಿದಳು. ಅಲ್ಲಿ ಯೂನಿವ್ಯಾಕ್ ಎಂಬ ಗಣಕಯಂತ್ರ ಸಿದ್ಧವಾಗುತ್ತಿತ್ತು. ಆಗ ಆಜ್ಞಾಲೇಖಕರು ಒಮ್ಮೆ ಸರಿಯಾಗಿ ನಡೆದ ಆಜ್ಞೆಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ತಪ್ಪು ಹುಟ್ಟುತ್ತಿತ್ತು. ನಕಲು ಮಾಡುವ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು ಎಂಬ ಆಲೋಚನೆಯಿಂದ 1952ರ ಹೊತ್ತಿಗೆ ಎ-ಸೊನ್ನೆ ಎಂಬ ಕಂಪೈಲರ್ ಸಿದ್ಧವಾಯಿತು. ಗಣಕಯಂತ್ರ ಲೆಕ್ಕ ಮಾಡಬಲ್ಲುದೇ ಹೊರತು ತನಗೆ ತಾನೇ ಆಜ್ಞೆಗಳನ್ನು ಜೋಡಿಸಿಕೊಳ್ಳಲಾರದೆಂದೇ ಬಲ್ಲವರು ಬಹುಕಾಲ ನಂಬಿದ್ದರು.

ಮುಂದೆ ಆಕೆ ಇನ್ನೂ ಧೈರ್ಯದ ಮಾತನ್ನು ಮುಂದಿಟ್ಟಳು. ಗಣಿತದ ಚಿಹ್ನೆಗಳನ್ನು ಕಂಡರೆ ಹಿಂಜರಿಯುವ ಕಚೇರಿಯ ಗುಮಾಸ್ತರೂ ಯಂತ್ರಕ್ಕೆ ಕೆಲಸ ಹೇಳುವಂತಾಗಬೇಕು. ಅದಕ್ಕಾಗಿ ಆಜ್ಞೆಗಳು ಆಡುಮಾತಿನ ಪದಗಳಲ್ಲಿರಬೇಕು. ಅದು ಸಾಧ್ಯವೆಂದು ತೋರಿಸಲು ಒಂದೇ ಆಜ್ಞಾವಳಿಯನ್ನು ಇಂಗ್ಲಿಷಿನಲ್ಲಿ, ಫ್ರೆಂಚಿನಲ್ಲಿ, ಜರ್ಮನಿನಲ್ಲಿ ಬರೆದು ಮೇಲಧಿಕಾರಿಗಳ ಮುಂದಿಟ್ಟಳು. ಅಮೆರಿಕೆಯ ಯಂತ್ರ ಪರಭಾಷೆಯನ್ನು ಅರಿಯುವುದೆಂತು ಎಂದು ಅವರು ಗಾಬರಿಯಾದರಂತೆ. ಯಂತ್ರಕ್ಕೆ ಭಾಷೆಯ ಹಂಗಿಲ್ಲ. ಪದವೊಂದು ಗುರುತು ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮಂಥವರು ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಈ ಯತ್ನದಿಂದ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಹುಟ್ಟಿತು. 1959ರಲ್ಲಿ ಸಮಿತಿಯೊಂದು ಕೋಬಾಲ್ ಭಾಷೆಯನ್ನು ರೂಪಿಸಿದಾಗ ಅದಕ್ಕೆ ಮುಖ್ಯ ಆಧಾರವಾದುದು ಇದೇ. ಹಾಪರ್ ಆ ಕಾರ್ಯಕ್ಕೆ ತಾಂತ್ರಿಕ ಸಲಹೆಗಾರಳಾಗಿದ್ದಳು.

1966ರ ಕೊನೆಯಲ್ಲಿ ನೌಕಾಪಡೆಯ ಮೀಸಲು ದಳದಿಂದ ಆಕೆ ನಿವೃತ್ತಳಾದಳು. 1967ರಲ್ಲಿ ನೌಕಾಪಡೆಯ ಗಣಕ ಭಾಷೆಗಳನ್ನು ಒಂದು ಕಟ್ಟಿಗೆ ತರುವುದಕ್ಕಾಗಿ ಆರು ತಿಂಗಳ ಮಟ್ಟಿಗೆ ಮತ್ತೆ ಕರೆಸಿದರು. ನಡುವೆ ಒಮ್ಮೆ ನಿವೃತ್ತಳಾಗಿ ಮತ್ತೆ ಕರೆಸಲ್ಪಟ್ಟದ್ದೂ ಉಂಟು. ಆರು ತಿಂಗಳ ಆ ಕೆಲಸ ಕೊನೆಗೆ 1986ರವರೆಗೆ ಬೆಳೆಯಿತು! 1973ರಲ್ಲಿ ಕ್ಯಾಪ್ಟನ್, 1985ರಲ್ಲಿ ರಿಯರ್ ಅಡ್ಮಿರಲ್ ಆಗಿ, 1986ರ ಆಗಸ್ಟ್ 14ರಂದು 79ನೆಯ ವಯಸ್ಸಿನಲ್ಲಿ ಬಾಸ್ಟನ್ನಿನಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಹಡಗಿನ ಮೇಲೆ ಬೀಳ್ಕೊಡುಗೆ ಪಡೆದಳು.

ಆಕೆಯ ಉಪನ್ಯಾಸಗಳಿಗೆ ತರುಣರು ಮುತ್ತುತ್ತಿದ್ದರು. ಕೇಳುವವರಿಗೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದಳು. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಬೆಳಕು ಸಾಗುವ ದೂರ ಅಷ್ಟೇ. ಅದರ ಸಾವಿರ ಪಟ್ಟು, ಎಂದರೆ ಸುಮಾರು 300 ಮೀಟರಿನ ಸುರುಳಿಯನ್ನೂ ತೋರಿಸಿ, ಕಾಲವನ್ನು ಪೋಲುಮಾಡಬಾರದೆಂದು ಹೇಳುತ್ತಿದ್ದಳು. ಹಿಂದಿನಿಂದ ಹೀಗೆಯೇ ನಡೆದು ಬಂದಿದೆ ಎಂಬ ಸಮಾಧಾನವನ್ನು ಆಕೆ ಸಹಿಸುತ್ತಿರಲಿಲ್ಲ. ಅದಕ್ಕೆಂದೇ ಕೋಣೆಯಲ್ಲಿ ಎಡಕ್ಕೆ ತಿರುಗುವ ಗಡಿಯಾರವನ್ನಿಟ್ಟಿದ್ದಳು. 1992ನೆಯ ಜನವರಿ 1ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಮುಂದೆ ಒಂದು ಯುದ್ಧನೌಕೆಗೂ, 2017ರಲ್ಲಿ ಯೇಲ್‌ನ ಒಂದು ಕಾಲೇಜಿಗೂ ಆಕೆಯ ಹೆಸರಿಟ್ಟರು.

ಮಿತ್ರರೇ, ಹಾಪರಳ ಜೀವನದಿಂದ ನಾನು ಕಲಿತ ಪಾಠ ಎರಡು. ಯಂತ್ರದ ಮಾತು ಬಲ್ಲ ಕೆಲವರ ಸ್ವತ್ತಾಗಿ ಉಳಿಯಬಾರದೆಂದು ಆಕೆ ದುಡಿದಳು. ಆದ್ದರಿಂದ ಕಲಾ ವಿಭಾಗದವರಾದ ನಾವು ಲಾಗ್ ಫೈಲನ್ನು ಕಂಡು ಹೆದರಬೇಕಾಗಿಲ್ಲ. ಎರಡನೆಯದು, ತಪ್ಪು ಯಾರದೆಂದು ಕೂಗಾಡುವ ಮೊದಲು, ಎಷ್ಟು ಹೊತ್ತಿಗೆ, ಎಲ್ಲಿ, ಏನು ನಡೆಯಿತೆಂದು ಬರೆದಿರುವುದನ್ನು ನೋಡಬೇಕು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ತಂದೆಗೆ 200 ಪುಟದ ಒಂದು ನೋಟುಬುಕ್ಕು ಕೊಂಡೊಯ್ದೆ. ಪ್ರತಿ ಪುಟದ ತಲೆಯ ಮೇಲೆ ತಾರೀಖು ಬರೆದು, ಬೆಳಗು, ಸಂಜೆ, ರಾತ್ರಿಗೆಂದು ಮೂರು ಸಾಲು ಎಳೆದುಕೊಟ್ಟೆ. ಇದ್ದಲಿನ ಬದಲು ಪೆನ್ನು ಹಿಡಿಯುವುದು ಮೊದಮೊದಲು ಅವರಿಗೆ ಕಷ್ಟವಾಯಿತು. ಈಗ ಗೀಟು, ಬೊಟ್ಟು, ಅಡ್ಡಗೀಟುಗಳು ಪುಸ್ತಕದಲ್ಲಿವೆ. ಅದಕ್ಕೆ ಸುಣ್ಣ ಬಳಿಯುವವರು ಯಾರೂ ಇಲ್ಲ.