ದೇವರಾಜ ಅರಸುರವರೂ ಕೆಲವು ಕಾನೂನಿನ ಮಾತುಗಳೂ

ಹುಣಸೂರಿನಲ್ಲಿ ಕುಳಿತು ಶ್ರೀ ಡಿ. ದೇವರಾಜ ಅರಸುರವರ ಚರಿತ್ರೆಯನ್ನು ಬರೆಯಹೊರಡುವುದು ಲಕ್ಷ್ಮಣತೀರ್ಥದ ದಡದಲ್ಲಿ ನಿಂತು ನೀರು ಮಾರಹೊರಟಂತೆ. ಅವರನ್ನು ಕಣ್ಣಾರೆ ಕಂಡ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಬಾಯಿಯಲ್ಲಿದ್ದ ಪೈಪನ್ನೂ ಅವರ ನಗುವನ್ನೂ ವರ್ಣಿಸಬಲ್ಲವರ ಮುಂದೆ ನನ್ನಂತಹ ವಿದ್ಯಾರ್ಥಿಯು ಹೊಸದಾಗಿ ಹೇಳುವುದೇನು? ಆದಾಗ್ಯೂ ನಾನು ಲೇಖನಿಯನ್ನು ಹಿಡಿದುದಕ್ಕೆ ಒಂದು ಕಾರಣವುಂಟು.

ರಾಜ್ಯಶಾಸ್ತ್ರದ ತರಗತಿಯಲ್ಲಿ ನಮ್ಮ ಸಂವಿಧಾನವನ್ನು ಓದತೊಡಗಿದಾಗ ಅದರ ವಿಷಯಕ್ಕಿಂತ ಮೊದಲು ಅದರ ಮಾತುಗಳೇ ನನ್ನನ್ನು ಅಡ್ಡಗಟ್ಟಿದುವು. ಗಣರಾಜ್ಯ, ಅನುಚ್ಛೇದ, ಅನುಸೂಚಿ, ಅಧಿನಿಯಮ, ಅಧಿಭೋಗ, ನಿಹಿತ. ಕನ್ನಡದ ಅಕ್ಷರಗಳೇ ಸರಿ, ಆದರೆ ನಮ್ಮ ಊರಿನ ಯಾವ ಜಗಲಿಯ ಮೇಲೂ ನಾನು ಕೇಳದ ಮಾತುಗಳು. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆ, ಅಂಕಗಳೂ ಬಂದುವು, ಅರ್ಥ ಮಾತ್ರ ಬರಲಿಲ್ಲ. ನನ್ನ ಪೇಚಾಟವನ್ನು ಕಂಡ ಅಧ್ಯಾಪಕರೊಬ್ಬರು ಒಂದು ಉಪಾಯವನ್ನು ಸೂಚಿಸಿದರು. ಒಂದೊಂದು ಮಾತನ್ನೂ ಅದರೊಡನೆ ಬಾಳಿದ ಮನುಷ್ಯನೊಬ್ಬನ ಚರಿತ್ರೆಗೆ ಗಂಟುಹಾಕಿ ಓದಬೇಕೆಂಬುದೇ ಆ ಉಪಾಯ. ದೂರ ಹೋಗಬೇಕಾದುದಿಲ್ಲ, ಕಲ್ಲಹಳ್ಳಿ ಹತ್ತಿರದಲ್ಲೇ ಇದೆಯೆಂದೂ ಅವರು ನೆನಪು ಮಾಡಿದರು.

ಅರಸುರವರು 1915ನೆಯ ಇಸವಿ ಆಗಸ್ಟ್ 20ರಂದು ಜನಿಸಿದರು. ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದತುಂಗದಲ್ಲಿ ಎನ್ನುತ್ತಾರೆ; ಬೆಳೆದದ್ದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. (16ನೆಯ ಶತಮಾನದಲ್ಲಿ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನೂ ಕಲ್ಲಹಳ್ಳಿಯವನೇ. ನಮ್ಮೂರುಗಳ ವಿಷಯ ಬಂದಾಗ ಇಷ್ಟು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.) ಮೈಸೂರಿನ ರಾಜಮನೆತನಕ್ಕೆ ಬಂಧುತ್ವವುಳ್ಳ ಅರಸು ಜನಾಂಗ ಅವರದು. ಹೆಸರು ದೊಡ್ಡದು, ಜನಸಂಖ್ಯೆ ಚಿಕ್ಕದು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದ ಮೇಲೆ, ಸರ್ಕಾರಿ ನೌಕರಿಗೆ ಹೋಗದೆ ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ತಮ್ಮಂದಿರಾದ ಕೆಂಪರಾಜ ಅರಸುರವರು ಸಿನಿಮಾ ರಂಗಕ್ಕೆ ಹೋದರು. ಅಣ್ಣ ಮಣ್ಣಿನಲ್ಲಿ ಉಳಿದರು.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ನಾನು ಗಂಟುಹಾಕಿಕೊಂಡ ಮೊದಲನೆಯ ಮಾತು ಇದು. ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, 1881ರಲ್ಲಿ ಪ್ರಾರಂಭವಾದ ಸಭೆಯಿದು. ಪ್ರಜೆಗಳ ಪ್ರತಿನಿಧಿಗಳೆಂದು ಹೆಸರಿದ್ದರೂ ಮೊದಮೊದಲು ಅವರ ಕೆಲಸ ದಿವಾನರು ಓದಿದ ವರದಿಯನ್ನು ಕೇಳುವುದು, ತಮ್ಮ ಊರಿನ ಕೆರೆ, ರಸ್ತೆಗಳ ಬಗ್ಗೆ ಬಿನ್ನಹ ಮಾಡಿಕೊಳ್ಳುವುದು, ಇಷ್ಟೇ ಆಗಿದ್ದಿತು. 1923ರಲ್ಲಿ ಶಾಸನದ ಆಧಾರ ದೊರೆತ ಮೇಲೂ ಸರ್ಕಾರವನ್ನು ಇಳಿಸುವ ಶಕ್ತಿ ಸಭೆಗೆ ಇರಲಿಲ್ಲ. ಎರಡನೆಯ ಮಾತಾದ ಜವಾಬ್ದಾರಿ ಸರ್ಕಾರ ಎಂಬುದರ ಅರ್ಥ ನನಗೆ ಇಲ್ಲಿಯೇ ಹೊಳೆದದ್ದು. ಕೇಳಿದ್ದಕ್ಕೆ ಉತ್ತರ ಕೊಡುವುದು ಸೌಜನ್ಯ. ಉತ್ತರ ಸರಿಬಾರದಿದ್ದರೆ ಮನೆಗೆ ಹೋಗಬೇಕಾಗುವುದು ಜವಾಬ್ದಾರಿ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡುದು ಈ ಒಂದು ಮಾತಿಗಾಗಿ. ಎರಡು ವರ್ಷಗಳ ಮೇಲೆ, 1949ರ ನವೆಂಬರಿನಲ್ಲಿ, ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನವೆಂದು ಮಹಾರಾಜರು ಘೋಷಿಸಿದರು. ಬಿನ್ನಹದ ಸಭೆಯಲ್ಲಿ ಕುಳಿತಿದ್ದ ಅರಸುರವರು 1952ರಲ್ಲಿ ವಯಸ್ಕರ ಮತದಾನದ ಮೊದಲನೆಯ ಚುನಾವಣೆಯಲ್ಲಿ ಗೆದ್ದು ಶಾಸನಸಭೆಗೆ ಹೋದರು. ಎರಡೂ ಬಗೆಯ ಸಭೆಗಳನ್ನು ಒಳಗಿನಿಂದ ನೋಡಿದವರು ಅವರು. ಒಂದರಲ್ಲಿ ಕೈಮುಗಿಯಬೇಕು, ಇನ್ನೊಂದರಲ್ಲಿ ಕೈ ಎತ್ತಬೇಕು.

ಮುಂದಿನ ಇಪ್ಪತ್ತು ವರ್ಷಗಳನ್ನು ಬೇಗನೆ ದಾಟುತ್ತೇನೆ. 1960ರ ದಶಕದಲ್ಲಿ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿದ್ದರು. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ನಿಜಲಿಂಗಪ್ಪನವರು ಒಂದು ಕಡೆ, ಅರಸುರವರು ಇಂದಿರಾ ಗಾಂಧಿಯವರ ಕಡೆ. 1972ರ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಗಳಾದರು.

ಅನುಸೂಚಿ ಎಂಬ ಒಣಮಾತಿಗೆ ಜೀವ ಬಂದುದು ಈ ಭಾಗವನ್ನು ಓದುವಾಗ. ಸಂವಿಧಾನದ ಕೊನೆಯಲ್ಲಿ ಪಟ್ಟಿಗಳಿವೆ; ಅವೇ ಅನುಸೂಚಿಗಳು. ಮೊದಲನೆಯದರಲ್ಲಿ ರಾಜ್ಯಗಳ ಹೆಸರುಗಳು. 1973ರ ನವೆಂಬರ್ 1ರಂದು ಅಲ್ಲಿ ಮೈಸೂರು ಎಂದಿದ್ದುದು ಕರ್ನಾಟಕ ಎಂದಾಯಿತು. ಒಂದು ರಾಜ್ಯ ತನ್ನ ಹೆಸರನ್ನು ತಾನೇ ಬದಲಾಯಿಸಿಕೊಳ್ಳುವಂತಿಲ್ಲ, 3ನೆಯ ಅನುಚ್ಛೇದದಂತೆ ಪಾರ್ಲಿಮೆಂಟು ಕಾನೂನು ಮಾಡಬೇಕು ಎಂಬುದನ್ನು ನಾನು ಆಗಲೇ ತಿಳಿದದ್ದು. ಮೈಸೂರು ಸೀಮೆಯವರೂ ರಾಜಬಂಧುವೂ ಆದವರೊಬ್ಬರ ಆಡಳಿತದಲ್ಲಿ ಮೈಸೂರಿನ ಹೆಸರು ರಾಜ್ಯಕ್ಕೆ ಹೋದುದು ಸ್ವಾರಸ್ಯವಾದ ಸಂಗತಿ.

ಒಂಬತ್ತನೆಯ ಅನುಸೂಚಿಯು ಬೇರೆ ತರಹದ್ದು. 1951ರ ಮೊದಲನೆಯ ತಿದ್ದುಪಡಿಯಲ್ಲಿ ಅದು ಹುಟ್ಟಿತು. ಅದರೊಳಗೆ ಸೇರಿಸಿದ ಭೂಸುಧಾರಣೆಯ ಶಾಸನಗಳನ್ನು ಆಸ್ತಿಯ ಹಕ್ಕಿನ ಹೆಸರಿನಲ್ಲಿ ನ್ಯಾಯಾಲಯದಲ್ಲಿ ಮುರಿಯಬಾರದೆಂಬುದು ಉದ್ದೇಶ. ಅದೇ ತಿದ್ದುಪಡಿಯಲ್ಲಿಯೇ 15ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡವೂ ಸೇರಿತು; ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗಗಳಿಗೆ ವಿಶೇಷ ಏರ್ಪಾಡು ಮಾಡಬಹುದೆಂಬುದು ಅದರ ಸಾರ. ಅರಸುರವರ ಆಡಳಿತದ ಎರಡು ದೊಡ್ಡ ಕೆಲಸಗಳ ಬೀಜ ಒಂದೇ ತಿದ್ದುಪಡಿಯಲ್ಲಿ ಇದ್ದುದನ್ನು ಕಂಡು ನಾನು ಬೆರಗಾದೆ.

ಹಿಂದುಳಿದ ವರ್ಗ ಎಂಬುದರಲ್ಲಿ ತೊಡಕೆಲ್ಲ ಇರುವುದು ವರ್ಗ ಎಂಬ ಎರಡಕ್ಷರದಲ್ಲಿ. ವರ್ಗವೆಂದರೆ ಜಾತಿಯೇ, ಬಡತನವೇ, ಎರಡೂ ಅಲ್ಲದ ಬೇರೊಂದೇ? 1962ರಲ್ಲಿ ಮೈಸೂರು ಸರ್ಕಾರವು ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾದಿರಿಸಿತು. ಎಂ. ಆರ್. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಜಾತಿಯೊಂದನ್ನೇ ಒರೆಗಲ್ಲು ಮಾಡಬಾರದು, ಕಾದಿರಿಸುವಿಕೆ ಸಾಮಾನ್ಯವಾಗಿ ಅರ್ಧವನ್ನು ಮೀರಬಾರದು ಎಂಬುದು ತೀರ್ಪಿನ ತಾತ್ಪರ್ಯ. ಆ ಮಾತು ಹತ್ತು ವರ್ಷ ಹಾಗೆಯೇ ಬಿದ್ದಿತ್ತು. 1972ರ ಆಗಸ್ಟಿನಲ್ಲಿ ಅರಸುರವರ ಸರ್ಕಾರ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ಆಯೋಗವು ಊರುಗಳನ್ನು ಸುತ್ತಿ, ಮನೆಗಳ ಸ್ಥಿತಿಗತಿಗಳನ್ನು ವಿಚಾರಿಸಿ, 1975ರ ನವೆಂಬರಿನಲ್ಲಿ ವರದಿ ಒಪ್ಪಿಸಿತು. ಪ್ರಬಲ ಜನಾಂಗಗಳಿಂದ ವಿರೋಧ ಬಂದಿತು, 1977ರಲ್ಲಿ ಆಜ್ಞೆಯೂ ಹೊರಟಿತು. ಸಂವಿಧಾನದ ಒಂದು ಪದಕ್ಕೆ ಅರ್ಥವನ್ನು ನಿಘಂಟಿನಲ್ಲಿ ಹುಡುಕದೆ ಹಳ್ಳಿಯಲ್ಲಿ ಹುಡುಕಿದ ಈ ಕೆಲಸವನ್ನೇ ನಾನು ಅವರ ಅತ್ಯಂತ ಧೈರ್ಯದ ಕೆಲಸವೆಂದು ತಿಳಿಯುತ್ತೇನೆ. ಮುಖ್ಯಮಂತ್ರಿಗಳ ಸ್ವಂತ ಜನಾಂಗದ ಮತಗಳಿಂದ ಒಂದು ಕ್ಷೇತ್ರವನ್ನೂ ಗೆಲ್ಲಲಾಗದು ಎಂಬ ಲೆಕ್ಕಾಚಾರವೂ ಇದರ ಹಿಂದೆ ಇದ್ದಿರಬಹುದು. ಇದ್ದರೆ ಇರಲಿ.

ಇನ್ನು ಭೂಮಿಯ ವಿಷಯ. ಇಲ್ಲಿ ನನ್ನ ಮನೆಯ ಕಥೆಯೂ ಸೇರುವುದರಿಂದ ವಾಚಕರು ಕ್ಷಮಿಸಬೇಕು.

1961ರ ಭೂಸುಧಾರಣಾ ಶಾಸನ ಹಿಂದೆಯೇ ಇದ್ದಿತು. 1965ರಿಂದ ಜಾರಿಗೂ ಬಂದಿದ್ದಿತು. ಆದರೆ ಸ್ವಂತ ಸಾಗುವಳಿ ಎಂಬ ಎರಡು ಮಾತುಗಳ ಸಂದಿನಲ್ಲಿ ಒಡೆಯರು ಗೇಣಿದಾರರಿಂದ ಭೂಮಿಯನ್ನು ಮರಳಿ ಪಡೆಯಬಹುದಾಗಿದ್ದಿತು. ಅರಸುರವರ ಕಾಲದ ತಿದ್ದುಪಡಿಯು ಆ ಸಂದನ್ನು ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಗಳೆಲ್ಲ ರಾಜ್ಯ ಸರ್ಕಾರದಲ್ಲಿ ನಿಹಿತವಾದುವು. ನನ್ನನ್ನು ಕಾಡಿದ ನಿಹಿತ ಎಂಬ ಪದ ಇದೇ. ಒಡೆಯನ ಕೈಯಿಂದ ಬಿಟ್ಟು ಸರ್ಕಾರದ ಕೈಗೆ ಸೇರಿತು ಎಂದರ್ಥ. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ರುಜುವಾತು ಮಾಡಿದರೆ ಅಧಿಭೋಗದ ಹಕ್ಕು, ಎಂದರೆ ಆ ನೆಲದಲ್ಲಿ ತಾನೇ ಯಜಮಾನನಾಗಿ ನಿಲ್ಲುವ ಹಕ್ಕು, ಅವನಿಗೆ ದೊರೆಯತಕ್ಕದ್ದು. ಇದನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಏರ್ಪಟ್ಟುವು. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ದುಡ್ಡುಳ್ಳವನು ದೊಡ್ಡ ವಕೀಲರನ್ನು ತಂದು ಬಡವನ ಬಾಯಿ ಕಟ್ಟಬಾರದೆಂಬ ಸದುದ್ದೇಶ. ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದುವು. ಅರ್ಧಕ್ಕಿಂತ ಹೆಚ್ಚು ಉಳುವವರ ಪರವಾದುವು. ಈ ತಿದ್ದುಪಡಿಯೂ 1974ರಲ್ಲಿ ಒಂಬತ್ತನೆಯ ಅನುಸೂಚಿಯೊಳಗೆ ಹೋಗಿ ಕುಳಿತಿತು.

ನಮ್ಮಜ್ಜನ ಅರ್ಜಿ ಆ ಅರ್ಧದಲ್ಲಿ ಸೇರಲಿಲ್ಲ.

ಅಜ್ಜ ಊರಿನ ಯಜಮಾನರೊಬ್ಬರ ಎರಡು ಎಕರೆಯನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದ ರಾಗಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಕಾಗದವಿಲ್ಲ, ರಸೀತಿಯಿಲ್ಲ, ಪಹಣಿಯ 12ನೆಯ ಕಾಲಮ್ಮಿನಲ್ಲಿಯೂ ಯಜಮಾನರ ಹೆಸರೇ. ಆದರೂ ಶಾಲೆಯ ಮೇಷ್ಟರೊಬ್ಬರು ಒತ್ತಾಯಪಡಿಸಿ ನಮೂನೆ 7ನ್ನು ತುಂಬಿಸಿದರು. ವಿಚಾರಣೆಯ ದಿನ ಅಜ್ಜನನ್ನು ಕೂಗಿದರು. ಯಜಮಾನರು ಎದುರಿಗೇ ನಿಂತಿದ್ದರು. ಅವರ ಮುಂದೆ ಅಜ್ಜ ಅದುವರೆಗೆ ತಲೆಯೆತ್ತಿ ಮಾತನಾಡಿದವರಲ್ಲ. ಬುದ್ಧಿಯೋರೇ ಎಂದೇ ಕರೆದವರು. ಇವರು ನಿನಗೆ ಏನಾಗಬೇಕು ಎಂದು ಮಂಡಳಿಯವರು ಕೇಳಲಾಗಿ, ಮರ್ಯಾದೆಯಿಂದ ಬಾಗಿ, ನಾನು ಬುದ್ಧಿಯೋರ ಮನೆ ಆಳು ಎಂದುಬಿಟ್ಟರು.

ಕಾನೂನಿನ ಪುಸ್ತಕವನ್ನು ತೆರೆದು ನೋಡಿದಾಗ ನನಗೆ ತಿಳಿದದ್ದು ಇದು. ಬೇರೆಯವರ ಭೂಮಿಯನ್ನು ನ್ಯಾಯವಾಗಿ ಸಾಗುವಳಿ ಮಾಡುವವನು, ಬರಹದ ಕರಾರು ಇಲ್ಲದಿದ್ದರೂ, ಗೇಣಿದಾರನೆಂದೇ ಭಾವಿಸಲ್ಪಡುತ್ತಾನೆ. ಆದರೆ ಒಡೆಯನ ಮನೆಯವನೂ ಕೂಲಿಯ ಆಳೂ ಗೇಣಿದಾರನಲ್ಲ. ವಿನಯಕ್ಕಾಗಿ ಆಡಿದ ಎರಡಕ್ಷರ ಕಾನೂನಿನಲ್ಲಿ ಬೇರೆ ಅರ್ಥವನ್ನು ಪಡೆದಿದ್ದಿತು. ಅರ್ಜಿ ವಜಾ ಆಯಿತು. ಮಂಡಳಿಯವರು ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನೇ ಬರೆದುಕೊಂಡರು, ಅವರನ್ನು ಹೇಗೆ ದೂರಲಿ? ಆ ನಾಲ್ಕು ಗೋಡೆಗಳ ನಡುವೆ ಅಜ್ಜನ ಪಕ್ಕದಲ್ಲಿ ಮಾತು ತಿಳಿದವರೊಬ್ಬರು ಇರಬಹುದಾಗಿತ್ತು ಎಂದು ಮಾತ್ರ ನನಗೆ ಅನ್ನಿಸುತ್ತದೆ. ವಕೀಲರನ್ನು ಹೊರಗಿಟ್ಟ ನಿಯಮ ಎಷ್ಟೋ ಬಡವರನ್ನು ಕಾಪಾಡಿತು; ನಮ್ಮಜ್ಜನನ್ನು ಒಂಟಿಯಾಗಿಸಿತು. ಮುಂದೆ ಅವರು ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯುವ ಕೂಲಿಗೆ ಹೋದರು. ಆಗ ನಿಜವಾಗಿ ಆಳಾದರು.

ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿದಾಗ ಕೃಷ್ಣರಾಜನಗರದ ಕಡೆಯ ಸಹಪಾಠಿಯೊಬ್ಬನು ತನ್ನ ಮನೆಗೆ ಗದ್ದೆ ಬಂದುದು ಇದೇ ಶಾಸನದಿಂದ ಎಂದು ಹೆಮ್ಮೆಪಟ್ಟನು. ಹೆಗ್ಗಡದೇವನಕೋಟೆಯ ಹಾಡಿಯಿಂದ ಬರುವ ಮತ್ತೊಬ್ಬನು ಸುಮ್ಮನಿದ್ದನು. ಕಾಡಿನಲ್ಲಿ ಗೆಡ್ಡೆ ಜೇನುಗಳ ಮೇಲೆ ಬಾಳಿದ ಅವನ ಹಿರಿಯರಿಗೆ ಒಡೆಯನೂ ಇರಲಿಲ್ಲ, ಗೇಣಿಯೂ ಇರಲಿಲ್ಲ. ಆದುದರಿಂದ ನಮೂನೆ 7ರಲ್ಲಿ ಅವರು ಬರೆಯಬೇಕಾದ ಮಾತೇ ಇರಲಿಲ್ಲ. ಅದೇ 1970ರ ದಶಕದಲ್ಲಿ ಆ ತಾಲ್ಲೂಕಿನ ಊರುಗಳು ಕಬಿನಿಯ ನೀರಿನಲ್ಲಿ ಮುಳುಗಿದುವು. ಅರಸುರವರನ್ನು ಹೊಗಳುವ ಭರದಲ್ಲಿ ಇದನ್ನು ಮರೆಯುವುದು ನ್ಯಾಯವಲ್ಲ.

ಅವರ ಕೊನೆಯ ವರ್ಷಗಳು ಸುಖಕರವಾಗಿರಲಿಲ್ಲ. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವರ ಮೇಲಿನ ಆಪಾದನೆಗಳ ವಿಚಾರಣೆಗೆ ನ್ಯಾಯಮೂರ್ತಿ ಗ್ರೋವರರ ಆಯೋಗವನ್ನು ನೇಮಿಸಿತು. ರಾಜ್ಯದ ಮಂತ್ರಿಗಳನ್ನು ಹೀಗೆ ವಿಚಾರಿಸಲು ಕೇಂದ್ರಕ್ಕೆ ಅಧಿಕಾರವಿಲ್ಲವೆಂದು ಕರ್ನಾಟಕವು ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಆಯೋಗವು ಕೆಲವು ಆಪಾದನೆಗಳು ನಿಜವೆಂದು ಕಂಡಿತು. 1978ರಲ್ಲಿ ಜನರು ಮತ್ತೆ ಗೆಲ್ಲಿಸಿದರು. 1979ರಲ್ಲಿ ಇಂದಿರಾ ಗಾಂಧಿಯವರೊಡನೆ ಮನಸ್ಸು ಮುರಿದು ಬೇರೆಯಾದರು. 1980ರ ಜನವರಿಯಲ್ಲಿ ಅಧಿಕಾರವೂ ಹೋಯಿತು. 1982ರ ಜೂನ್ 6ರಂದು ತೀರಿಕೊಂಡರು.

ಸುದ್ದಿ ಬಂದ ದಿನ ಅಜ್ಜ ಕೂಲಿಗೆ ಹೋಗಲಿಲ್ಲವೆಂದು ಅಜ್ಜಿ ಹೇಳುತ್ತಿದ್ದರು. ಭೂಮಿ ಬರಲಿಲ್ಲವಲ್ಲ, ಇದೇಕೆ ಎಂದು ಯಾರೋ ಹಾಸ್ಯ ಮಾಡಿದರಂತೆ. ಕೊಡುವವರು ಕೊಟ್ಟಿದ್ದರು, ಹೇಳಲು ತನ್ನ ನಾಲಿಗೆ ಹೊರಳಲಿಲ್ಲ ಎಂದು ಅಜ್ಜ ಉತ್ತರಕೊಟ್ಟರಂತೆ. ಅರ್ಜಿಯ ನಕಲು ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಮಡಿಕೆಗಳಲ್ಲಿ ಹರಿದಿದೆ. ಮೇಷ್ಟರ ದುಂಡಗಿನ ಅಕ್ಷರಗಳಲ್ಲಿ ಗೇಣಿದಾರ ಎಂದು ಬರೆದಿರುವುದನ್ನು ಸ್ಪಷ್ಟವಾಗಿ ಓದಬಹುದು. ಅದರ ಕೆಳಗೆ ಅಜ್ಜನ ಎಡಗೈಯ ಹೆಬ್ಬೆಟ್ಟಿನ ಗುರುತಿದೆ.