ಸಂಬಳ ಮುಟ್ಟದ ಅಧ್ಯಕ್ಷರು

ಮಳೆಗಾಲ ಬಂತೆಂದರೆ ಶಿವಮೊಗ್ಗದ ಪತ್ರಿಕೆಗಳಲ್ಲಿ ದಿನಾ ಒಂದು ಪಟ್ಟಿ ಬರುತ್ತದೆ. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು, ಹೀಗೆ ಎಲ್ಲೆಲ್ಲಿ ಎಷ್ಟು ಮಿಲಿಮೀಟರ್ ಮಳೆ ಎಂದು. ಆ ಪಟ್ಟಿಯಲ್ಲಿರುವ ಮಾಸ್ತಿಕಟ್ಟೆ ನಮ್ಮೂರು. ಹೊಸನಗರ ತಾಲ್ಲೂಕು, ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೋಗುವ ದಾರಿ. ಇಲ್ಲಿ ಬೀಳುವ ಮಳೆ ಸುಮ್ಮನೆ ಸಮುದ್ರಕ್ಕೆ ಹೋಗುವುದಿಲ್ಲ. ಮಾಣಿಯಲ್ಲಿ ವಾರಾಹಿ ನದಿಗೆ ಅಣೆಕಟ್ಟೆ ಇದೆ. ಆ ನೀರು ಘಟ್ಟದ ಕೆಳಗೆ ಹೊಸಂಗಡಿಯ ಕಡೆ, ನೆಲದೊಳಗೆ ಕೊರೆದು ಕಟ್ಟಿದ ವಿದ್ಯುದಾಗಾರಕ್ಕೆ ಇಳಿಯುತ್ತದೆ. 115 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 460 ಮೆಗಾವಾಟ್. ನಾನು ಬಿಇ ಎಲೆಕ್ಟ್ರಿಕಲ್ ಸೇರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಯಂತ್ರ ಯಾವುದು, ಎಷ್ಟು ಎತ್ತರದಿಂದ ನೀರು ಬೀಳುತ್ತದೆ ಎಂದು ಕೇಳಿದರೆ ನಮ್ಮೂರಿನ ಚಿಕ್ಕ ಹುಡುಗರೂ ಹೇಳುತ್ತಾರೆ. ಆದರೆ ಇಲ್ಲಿ ಅಣೆಕಟ್ಟೆ ಕಟ್ಟೋಣ, ಅಲ್ಲಿ ಟೆಂಡರ್ ಕರೆಯೋಣ, ಇಷ್ಟು ಜನರನ್ನು ಎಬ್ಬಿಸೋಣ, ಯೂನಿಟ್‌ಗೆ ಇಷ್ಟು ದರ ಕೇಳೋಣ ಎಂದು ತೀರ್ಮಾನಿಸುವವರು ಯಾರು? ಒಂದು ಕೋಣೆ, ಒಂದು ಉದ್ದನೆಯ ಮೇಜು, ಸುತ್ತ ಕೂತ ಹತ್ತು ಹನ್ನೆರಡು ಜನ. ಅದಕ್ಕೆ ಆಡಳಿತ ಮಂಡಳಿ ಎನ್ನುತ್ತಾರೆ. ನಾಲ್ಕು ವರ್ಷದ ಬಿಇ ಸಿಲೆಬಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬಗ್ಗೆ ಇರುವಷ್ಟು ಪುಟ ಆ ಮೇಜಿನ ಬಗ್ಗೆ ಇಲ್ಲ. ಎಇ ಪರೀಕ್ಷೆಗೆ ಓದುತ್ತಿರುವ ನನ್ನ ಸೀನಿಯರ್‌ಗಳನ್ನು ಕೇಳಿದೆ. ಅವರಲ್ಲಿ ಕೆಲವರು ಮುಂದೊಂದು ದಿನ ಆ ಕುರ್ಚಿಯಲ್ಲೇ ಕೂರುವವರು. ಅವರಿಗೂ ಅದರ ಕಾನೂನು ಗೊತ್ತಿರಲಿಲ್ಲ.

ಹಾಗಾಗಿ ಈ ಸಲದ ಎಂಜಿನಿಯರುಗಳ ದಿನಕ್ಕೆ ನಾನು ವಿಶ್ವೇಶ್ವರಯ್ಯನವರನ್ನು ಬೇರೆ ಕಡೆಯಿಂದ ಓದತೊಡಗಿದೆ. ಅಣೆಕಟ್ಟೆ ಕಟ್ಟಿದವರು ಎಂದಲ್ಲ, ಮಂಡಳಿಯ ಅಧ್ಯಕ್ಷರಾಗಿ ಕೂತವರು ಎಂದು. ಸೆಪ್ಟೆಂಬರ್ 15ಕ್ಕೆ ಫೋಟೊಗೆ ಹಾರ ಹಾಕಿ, ಎರಡು ಮೇಣದ ಬತ್ತಿಯ ಕಥೆ ಹೇಳಿ, ಲಡ್ಡು ತಿಂದು ಹೋಗುವುದು ನಮ್ಮ ವಾಡಿಕೆ. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕಾಗದಕ್ಕೆ ಸ್ವಂತ ಬತ್ತಿ ಎನ್ನುವ ಆ ಕಥೆಯನ್ನು ನಮ್ಮ ಮೇಷ್ಟ್ರುಗಳು ಇನ್ನೂ ನಾಲ್ಕು ಮಹಾಪುರುಷರ ಹೆಸರಿನಲ್ಲೂ ಹೇಳಿದ್ದಾರೆ. ಅದು ಇರಲಿ. ಅವರ ಬದುಕಿನಲ್ಲಿ ಅದಕ್ಕಿಂತ ಗಟ್ಟಿಯಾದ ಸಂಗತಿಗಳಿವೆ.

ಹುಟ್ಟಿದ್ದು ಮುದ್ದೇನಹಳ್ಳಿ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿದರು. 1881ರಲ್ಲಿ ಬಿಎ, ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್. ಇಂದಿನ ಭಾಷೆಯಲ್ಲಿ ಎಇ. ನಮ್ಮ ಸೀನಿಯರ್‌ಗಳು ಬರೆಯುತ್ತಿರುವ ಪರೀಕ್ಷೆಯ ಹುದ್ದೆಯೇ!

ಅಲ್ಲಿನ ಒಂದು ಸಂಗತಿ ನನಗೆ ಬಹಳ ಮುಖ್ಯ ಅನಿಸಿತು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ನೀರು ಒಂದು ಮಟ್ಟಕ್ಕೆ ಏರಿದಾಗ ತಾನೇ ತೆರೆದುಕೊಂಡು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಗೇಟುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವನ್ನು ಅಳವಡಿಸಿದರು. ಪೇಟೆಂಟ್ ಅವರ ಹೆಸರಿನಲ್ಲಿತ್ತು. ಪ್ರತಿ ಗೇಟಿಗೆ ಇಂತಿಷ್ಟು ಎಂದು ರಾಯಧನ ಪಡೆಯಬಹುದಿತ್ತು. ಅವರು ಬೇಡವೆಂದರು. ಯಾಕೆಂದು ಯೋಚಿಸಿ ನೋಡಿ. ಗೇಟು ಬೇಕೋ ಬೇಡವೋ ಎಂದು ಇಲಾಖೆಗೆ ಸಲಹೆ ಕೊಡುವವರು ಅವರೇ. ಗೇಟು ಹೆಚ್ಚು ಹಾಕಿಸಿದಷ್ಟೂ ಹಣ ಬರುವುದೂ ಅವರಿಗೇ ಆದರೆ, ಆ ಸಲಹೆಯನ್ನು ಯಾರು ನಂಬಬೇಕು? ಇದನ್ನೇ ಇವತ್ತು ಕಾನೂನಿನಲ್ಲಿ ಹಿತಾಸಕ್ತಿಯ ಸಂಘರ್ಷ ಎನ್ನುತ್ತಾರೆ. ಆಗ ಅವರು ಯಾವ ಮಂಡಳಿಯಲ್ಲೂ ಇರಲಿಲ್ಲ, ಇಲಾಖೆಯ ಒಬ್ಬ ಎಂಜಿನಿಯರ್ ಅಷ್ಟೆ.

1908ರಲ್ಲಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಗರವನ್ನು ಪ್ರವಾಹದಿಂದ ಕಾಪಾಡುವ ಯೋಜನೆಗೆ ಅವರನ್ನು ಕರೆಸಿದರು. ಅದನ್ನು ಮುಗಿಸಿ 1909ರ ಕೊನೆಗೆ ಮೈಸೂರಿನ ಚೀಫ್ ಎಂಜಿನಿಯರ್ ಆದರು.

ಕನ್ನಂಬಾಡಿಯ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದೆ ಒಂದು ಕರೆಂಟಿನ ಲೆಕ್ಕ ಇತ್ತೆಂದು ನನಗೆ ಈಗಷ್ಟೇ ಗೊತ್ತಾಯಿತು. 1902ರಿಂದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಯಂತ್ರಗಳಿಗೆ ನೀರು ಸಾಲದು. ಗಣಿಗೆ ಕರೆಂಟು ಕೊಡುತ್ತೇನೆಂದು ಒಪ್ಪಿಕೊಂಡ ಸರ್ಕಾರ ವರ್ಷವಿಡೀ ಕೊಡಲೇಬೇಕು. ಮೇಲ್ಗಡೆ ನೀರು ನಿಲ್ಲಿಸಿದರೆ ಕರೆಂಟಿನ ಆದಾಯವೂ ಉಳಿಯುತ್ತದೆ, ಮಂಡ್ಯದ ಕಡೆ ನೀರಾವರಿಯೂ ಆಗುತ್ತದೆ. ಇಷ್ಟು ಹಣ ಹಾಕಿದರೆ ಇಷ್ಟು ವಾಪಸು ಬರುತ್ತದೆ ಎಂಬ ಲೆಕ್ಕವನ್ನು ಅವರು ಮುಂದಿಟ್ಟರು. ಹಣಕಾಸಿನವರಿಗೆ ಅನುಮಾನ, ಮಹಾರಾಜರಿಗೂ ಮೊದಲು ಹಿಂಜರಿಕೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು. ಆದರೆ ಮದರಾಸು ಸರ್ಕಾರ ತಕರಾರು ತೆಗೆಯಿತು. ಆ ಜಗಳ 1924ರ ಒಪ್ಪಂದದವರೆಗೂ ನಡೆಯಿತು.

ಆ ನೀರಿನಡಿ ಕನ್ನಂಬಾಡಿ ಊರೇ ಹೋಯಿತು ಎಂಬುದನ್ನೂ ಹೇಳಬೇಕು. ನಮ್ಮ ಸಾಗರ, ಹೊಸನಗರದ ಕಡೆ ಮುಳುಗಡೆ ಎಂಬ ಪದ ಗೊತ್ತಿಲ್ಲದ ಮನೆ ಇಲ್ಲ. 1964ರ ಲಿಂಗನಮಕ್ಕಿಯಿಂದ ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಕೂತ ಜಾಗದ ಹಕ್ಕುಪತ್ರಕ್ಕಾಗಿ ಇಂದಿಗೂ ಪಾದಯಾತ್ರೆ ಮಾಡುತ್ತಾರೆ. ವಿಶ್ವೇಶ್ವರಯ್ಯನವರ ಕಾಲದ ಲೆಕ್ಕದಲ್ಲಿ ಆದಾಯದ ಕಾಲಂ ಇದ್ದಷ್ಟು ಗಟ್ಟಿಯಾಗಿ ಮುಳುಗುವವರ ಕಾಲಂ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ, ಆದರೆ ನಮ್ಮೂರಿನಲ್ಲಿ ಹುಟ್ಟಿದ ಹುಡುಗನಿಗೆ ಇದನ್ನು ಬಿಟ್ಟು ಬರೆಯಲು ಮನಸ್ಸು ಬರಲಿಲ್ಲ.

1912ರಲ್ಲಿ ದಿವಾನರಾದರು. ಹುದ್ದೆ ಒಪ್ಪಿಕೊಳ್ಳುವ ಮೊದಲು ನೆಂಟರನ್ನೆಲ್ಲ ಊಟಕ್ಕೆ ಕರೆದು, ತಮ್ಮಿಂದ ಯಾರೂ ಕೆಲಸ, ಶಿಫಾರಸು ಕೇಳಬಾರದು, ಇದಕ್ಕೆ ಒಪ್ಪಿದರೆ ಮಾತ್ರ ದಿವಾನಗಿರಿ ಎಂದು ಷರತ್ತು ಹಾಕಿದರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಯಾರಿಗಾದರೂ ಸರ್ಕಾರಿ ಕೆಲಸ ಸಿಕ್ಕಿದ ದಿನ ನಡೆಯುವ ಮಾತುಕತೆ ನೆನಪಿಸಿಕೊಳ್ಳಿ. ನಮ್ಮ ಹುಡುಗನಿಗೂ ಒಂದು ಕಡೆ ಹೇಳಪ್ಪ ಎಂದು ಸಿಹಿ ಬಾಯಿಗಿಡುವಾಗಲೇ ಶುರುವಾಗಿರುತ್ತದೆ.

ಆರು ವರ್ಷದಲ್ಲಿ ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು, ಎಲ್ಲ ಶುರುವಾದವು. ಅದನ್ನು ಎಲ್ಲ ಗೈಡುಗಳಲ್ಲೂ ಓದಬಹುದು. ಅವರು ಕೆಲಸ ಬಿಟ್ಟ ಕಾರಣವನ್ನು ಮಾತ್ರ ಗೈಡುಗಳು ಮೆಲ್ಲಗೆ ದಾಟಿಸುತ್ತವೆ. ಹಿಂದುಳಿದ ವರ್ಗದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಈ ವಿಷಯದಲ್ಲಿ ಮಹಾರಾಜರದೇ ಸರಿ ಎಂದು ನಾನು ನಂಬುತ್ತೇನೆ. ಮಿಲ್ಲರ್ ತೆರೆದ ಬಾಗಿಲಿನಿಂದಲೇ ನನ್ನ ಕ್ಲಾಸಿನ ಎಷ್ಟೋ ಜನರ ಅಜ್ಜ, ಅಪ್ಪ ಒಳಗೆ ಬಂದದ್ದು. ಆದರೂ ಅವರು ನಡೆದುಕೊಂಡ ರೀತಿಯಲ್ಲಿ ಕಲಿಯಲು ಒಂದು ವಿಷಯ ಇದೆ. ಒಡೆಯನ ತೀರ್ಮಾನ ಒಪ್ಪಿಗೆಯಾಗದಿದ್ದಾಗ ಕುರ್ಚಿಯಲ್ಲಿ ಕೂತೇ ಫೈಲು ಸರಿಯದಂತೆ ತಡೆಯುವುದು ಒಂದು ದಾರಿ. ಎದ್ದು ಹೋಗುವುದು ಇನ್ನೊಂದು. ಅವರು ಎದ್ದು ಹೋದರು.

ನನ್ನ ಲೇಖನದ ವಿಷಯ ನಿಜವಾಗಿ ಶುರುವಾಗುವುದು ಇಲ್ಲಿಂದ, ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಯೋಜನೆ ಅವರ ಕಾಲದ್ದೇ. ಅದಿರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲ ಬದಲು ಮಲೆನಾಡ ಕಾಡಿನ ಮರದ ಇದ್ದಿಲು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಬಿದ್ದಿತ್ತು. ಕಾರ್ಖಾನೆ ನಷ್ಟದಲ್ಲಿ, ಜನರ ತೆರಿಗೆ ಹಣ ಅದರೊಳಗೆ, ಮುಚ್ಚಿಬಿಡಿ ಎನ್ನುವವರೂ ಇದ್ದರು. ಆಗ ಸರ್ಕಾರ ಅವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷತೆ ಕೊಟ್ಟಿತು. ವಯಸ್ಸು 60 ದಾಟಿತ್ತು, ದಿವಾನಗಿರಿ ನೋಡಿ ಬಂದವರು. ನಷ್ಟದ ಕಂಪನಿಯ ಅಧ್ಯಕ್ಷತೆ ಅವರಿಗೆ ಮೇಲೇರುವ ಮೆಟ್ಟಿಲೇನೂ ಆಗಿರಲಿಲ್ಲ.

1923ರಿಂದ 1929ರವರೆಗೆ ಅವರು ಮಾಡಿದ್ದು ಸಭೆಯಲ್ಲಿ ಕೂತು ಸಹಿ ಹಾಕುವ ಕೆಲಸ ಅಲ್ಲ. ಖರ್ಚಿನ ಒಂದೊಂದು ಬಾಬನ್ನೂ ಹಿಡಿದು ಇಳಿಸಿದರು. ದುಬಾರಿ ಸಂಬಳದ ವಿದೇಶಿ ತಜ್ಞರ ಜಾಗಕ್ಕೆ ನಮ್ಮವರನ್ನು ತರಬೇತಿ ಕೊಟ್ಟು ತಂದರು. ಇದ್ದಿಲು ಮಾಡುವಾಗ ಹೊಗೆಯಾಗಿ ಹೋಗುವುದರಿಂದ ಹಣವಾಗುವ ರಾಸಾಯನಿಕ ತೆಗೆಯುವ ಘಟಕದ ಮೇಲೂ ಗಮನ ಇಟ್ಟರು. ಕಬ್ಬಿಣ ಹೊರದೇಶಕ್ಕೂ ಹೋಯಿತು. ಅವರು ಬಿಡುವ ಹೊತ್ತಿಗೆ ಕಾರ್ಖಾನೆ ಕಾಲ ಮೇಲೆ ನಿಂತಿತ್ತು. ಇದನ್ನೆಲ್ಲ ಮಾಡಿದ ಅಷ್ಟೂ ಕಾಲ ಅವರು ಸಂಬಳ ತೆಗೆದುಕೊಳ್ಳಲಿಲ್ಲ.

ಸಂಬಳ ಬಿಡುವುದೇ ಆದರ್ಶ ಎಂದು ನಾನು ಹೇಳುತ್ತಿಲ್ಲ. ಕೆಲಸ ಹುಡುಕುತ್ತಿರುವ ನಮಗೆ ಹಾಗೆ ಹೇಳುವ ಧೈರ್ಯ ಯಾರಿಗೂ ಬೇಡ. ಸಂಬಳವಿಲ್ಲದೆ ದುಡಿಯಲು ಕೈಯಲ್ಲಿ ಪಿಂಚಣಿ ಇರಬೇಕು. ನನಗೆ ಹಿಡಿಸಿದ್ದು ಬೇರೆ: ನಷ್ಟದಲ್ಲಿದ್ದ ಕಂಪನಿಯಿಂದ ಅದರ ಮುಖ್ಯಸ್ಥನೇ ಮೊದಲು ಕೈಚಾಚಲಿಲ್ಲ ಎಂಬುದು.

ಈಗಿನ ಕಾನೂನಿಗೆ ಬರೋಣ. ನಮ್ಮೂರ ನೀರನ್ನು ಕರೆಂಟು ಮಾಡುವ ಕರ್ನಾಟಕ ವಿದ್ಯುತ್ ನಿಗಮ 1970ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಮನೆಗೆ ಬಿಲ್ ಕಳಿಸುವ ಮೆಸ್ಕಾಂ, ಬೆಸ್ಕಾಂಗಳೂ ಕಂಪನಿಗಳೇ. ಅಂದರೆ 2013ರ ಕಂಪನಿ ಕಾಯ್ದೆ ಅವುಗಳ ನಿರ್ದೇಶಕರಿಗೂ ಅನ್ವಯಿಸುತ್ತದೆ. ಅದರ 166ನೇ ಕಲಂ ಓದಿದರೆ ಸಾಕು, ಒಂದೇ ಪುಟ. ನಿರ್ದೇಶಕರು ಸದುದ್ದೇಶದಿಂದ ಕಂಪನಿಯ, ನೌಕರರ, ಸಮುದಾಯದ, ಪರಿಸರದ ಹಿತಕ್ಕೆ ದುಡಿಯಬೇಕು. ಸಾಕಷ್ಟು ಎಚ್ಚರ, ಕುಶಲತೆ ತೋರಬೇಕು. ತಮ್ಮ ಸ್ವಂತ ವಿವೇಚನೆ ಬಳಸಬೇಕು. ಕಂಪನಿಯ ಹಿತಕ್ಕೆ ಎದುರಾಗುವ ಸ್ವಂತ ಹಿತಾಸಕ್ತಿ ಇಟ್ಟುಕೊಳ್ಳಬಾರದು. ತಾವಾಗಲಿ ನೆಂಟರಿಷ್ಟರಾಗಲಿ ಅನುಚಿತ ಲಾಭ ಪಡೆಯಬಾರದು. ಕುರ್ಚಿಯನ್ನು ಬೇರೆಯವರಿಗೆ ವಹಿಸಿಕೊಡಬಾರದು. ತಪ್ಪಿದರೆ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿವರೆಗೆ ದಂಡ, ಪಡೆದ ಅನುಚಿತ ಲಾಭವನ್ನೂ ಕಟ್ಟಬೇಕು. 184ನೇ ಕಲಂ ಪ್ರಕಾರ ಬೇರೆ ಎಲ್ಲೆಲ್ಲಿ ತಮಗೆ ಆಸಕ್ತಿ ಇದೆ ಎಂಬುದನ್ನು ಮಂಡಳಿಗೆ ಮೊದಲೇ ತಿಳಿಸಬೇಕು.

ಈ ಪಟ್ಟಿಯನ್ನು ಓದುತ್ತಾ ಹೋದಂತೆ ಖಡಕ್‌ವಾಸ್ಲಾದ ಗೇಟು, ನೆಂಟರ ಊಟ, 1918ರ ರಾಜೀನಾಮೆ, ಭದ್ರಾವತಿ ಒಂದೊಂದಾಗಿ ಕಣ್ಣೆದುರು ಬಂದವು. ಸಮುದಾಯ, ಪರಿಸರ ಎಂಬ ಎರಡು ಪದ ಮಾತ್ರ ಅವರ ಕಾಲದ ಪಟ್ಟಿಯಲ್ಲಿ ಇಲ್ಲದವು. ಅವು ಕಾಯ್ದೆಯೊಳಗೆ ಬರಲು 2013 ಆಗಬೇಕಾಯಿತು. ಅಷ್ಟರಲ್ಲಿ ನಮ್ಮ ಕಡೆ ಮುಳುಗುವುದೆಲ್ಲ ಮುಳುಗಿತ್ತು.

ಸ್ವಂತ ವಿವೇಚನೆ ಎಂಬುದು ಸರ್ಕಾರಿ ಕಂಪನಿಯಲ್ಲಿ ಬಹಳ ಕಷ್ಟದ ಮಾತು. ಅಲ್ಲಿ ನಿರ್ದೇಶಕರನ್ನು ನೇಮಿಸುವುದೂ ಎಬ್ಬಿಸುವುದೂ ಸರ್ಕಾರವೇ. ಹೆಚ್ಚಿನವರು ಬೇರೆ ಇಲಾಖೆಯ ಅಧಿಕಾರಿಗಳು, ನಾಲ್ಕಾರು ಮಂಡಳಿಗಳಲ್ಲಿ ಏಕಕಾಲಕ್ಕೆ ಕೂರುವವರು. ಮೇಲಿನಿಂದ ಫೋನ್ ಬಂದರೆ ವಿವೇಚನೆ ಎಲ್ಲಿ? ವಿಶ್ವೇಶ್ವರಯ್ಯನವರು 1927ರಿಂದ 1955ರವರೆಗೆ ಟಾಟಾ ಸ್ಟೀಲ್ ಮಂಡಳಿಯಲ್ಲೂ ಇದ್ದರು. 1955ರಲ್ಲಿ ಭಾರತ ರತ್ನ ಕೊಡುವಾಗ, ಇದನ್ನು ಪಡೆದರೆ ಸರ್ಕಾರವನ್ನು ಹೊಗಳುತ್ತೇನೆಂದು ಭಾವಿಸಬೇಡಿ ಎಂದು ನೆಹರೂ ಅವರಿಗೆ ತಿಳಿಸಿದ್ದರೆಂದು ಹೇಳುತ್ತಾರೆ. 90 ದಾಟಿದ ಮೇಲೂ ಅವರ ಹಾದಿ ಅದೇ.

ನಮ್ಮಂಥ ಸಾಮಾನ್ಯರಿಗೂ ಆ ಮೇಜಿನ ಹತ್ತಿರ ಹೋಗಲು ಒಂದು ಕಿಟಕಿ ಇದೆ. ದರ ಏರಿಸಬೇಕಾದರೆ ಕಂಪನಿಗಳು ತಮ್ಮ ಅರ್ಜಿಯನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು. ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಆ ಅರ್ಜಿಯಲ್ಲಿ ಕಂಪನಿಯ ಖರ್ಚು, ಸಾಗಣೆಯಲ್ಲಿ ಸೋರುವ ಕರೆಂಟು, ಸಾಲದ ಬಡ್ಡಿ ಎಲ್ಲ ಇರುತ್ತದೆ. ಮಹಾಲೇಖಪಾಲರ ವರದಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಎಇ ಪರೀಕ್ಷೆಗೆ ಓದುವವರು ಜನರಲ್ ನಾಲೆಡ್ಜ್ ಪುಸ್ತಕ ಪಕ್ಕಕ್ಕಿಟ್ಟು ಒಂದು ಭಾನುವಾರ ಇದನ್ನು ಓದಿ ನೋಡಿ. ಪಠ್ಯಪುಸ್ತಕದ ಪವರ್ ಸಿಸ್ಟಮ್‌ಗಿಂತ ರೋಚಕ!

ಭದ್ರಾವತಿಯ ಸಂಬಳದ ಕಥೆ ಪೂರ್ತಿಯಾಗಿಲ್ಲ. ಅಧ್ಯಕ್ಷತೆ ಬಿಟ್ಟ ಮೇಲೆ ಸರ್ಕಾರ ಅವರ ಸೇವೆಯ ಬಾಬ್ತು ಲಕ್ಷಕ್ಕೂ ಮಿಕ್ಕ ಹಣ ಕೊಡಲು ಬಂತು. ಆ ಕಾಲದ ಲಕ್ಷ. ಅದನ್ನು ಅವರು ಮನೆಗೆ ಒಯ್ಯಲಿಲ್ಲ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನಲ್ಲಿ 1943ರಲ್ಲಿ ಅದು ಶುರುವಾದಾಗ ಹೆಸರು ತಮ್ಮದು ಬೇಡ, ಮಹಾರಾಜರದಿರಲಿ ಎಂದರು. ಅದೇ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌ಜೆ ಪಾಲಿಟೆಕ್ನಿಕ್. ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಪಾಲಿಟೆಕ್ನಿಕ್‌ನಲ್ಲಿ ಈಗಲೂ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಡಿಪ್ಲೊಮಾ ಓದುತ್ತಿದ್ದಾರೆ.